ಕಪ್ಪೆಲ್ಲ ಕೊಳೆಯಲ್ಲ: ಹಳೆಯ ಹೊಲಿಗೆ ಯಂತ್ರದ ಮೈ ಓದುವ ಬಗೆ

ಆಯುಧಪೂಜೆ ಹತ್ತಿರ ಬಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಹೊಲಿಗೆ ಮಿಷನ್ ಮೂಲೆಯಿಂದ ಹೊರಗೆ ಬರುತ್ತದೆ. ಒಬ್ಬರು ಸೋಪಿನ ನೀರು ತರುತ್ತಾರೆ, ಇನ್ನೊಬ್ಬರು ಸ್ಪಿರಿಟ್ಟಿನ ಬಾಟಲಿ ಹುಡುಕುತ್ತಾರೆ. ಹಿತ್ತಾಳೆ ದೀಪ ಬೆಳಗಿ ಉಳಿದ ಹುಣಸೆಹಣ್ಣು ಮಿಷನ್ನಿನ ಚಕ್ರಕ್ಕೂ ಬೀಳುತ್ತದೆ. ಸಂಜೆಯ ಹೊತ್ತಿಗೆ ಯಂತ್ರ ಬೆಳಗುವುದೇನೋ ನಿಜ. ಆದರೆ ಮರುವರ್ಷ ನೋಡಿದರೆ ಚಿನ್ನದ ಬಳ್ಳಿ ಅರ್ಧ ಅಳಿಸಿದೆ, ಕಪ್ಪು ಮೈ ಮಂಕಾಗಿದೆ, ಚಕ್ರದ ಅಂಚಿನಲ್ಲಿ ತುಕ್ಕು ಎದ್ದಿದೆ. ಎಪ್ಪತ್ತು ಎಂಬತ್ತು ವರ್ಷದ ಬಳಕೆಯಲ್ಲಿ ಆಗದ ಹಾನಿ ಒಂದು ಮಧ್ಯಾಹ್ನದ ಸ್ವಚ್ಛತೆಯಲ್ಲಿ ಆಗಿಬಿಟ್ಟಿದೆ.

ಕಾರಣ ಸರಳ. ಹಳೆಯ ಯಂತ್ರಕ್ಕೆ ಇರುವುದು ಒಂದೇ ಮೈಯಲ್ಲ. ಬೇಯಿಸಿದ ಕಪ್ಪು ಲೇಪ, ಅದರ ಮೇಲೆ ಚಿನ್ನದ ಚಿತ್ತಾರ, ಚಿತ್ತಾರದ ಮೇಲೆ ತೆಳುವಾದ ಅರಗಿನ ವಾರ್ನಿಷ್, ಪಕ್ಕದಲ್ಲಿ ನಿಕ್ಕಲ್ಲು ಇಲ್ಲವೇ ಕ್ರೋಮು, ಕೆಲವೊಮ್ಮೆ ಬೇಕೆಂದೇ ಕಪ್ಪಾಗಿಸಿದ ಉಕ್ಕು. ಒಂದಕ್ಕೆ ಒಗ್ಗುವುದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಬಟ್ಟೆ ತೇವ ಮಾಡುವ ಮೊದಲು ಎದುರಿಗಿರುವುದು ಯಾವ ಲೇಪ ಎಂದು ಗುರುತಿಸಬೇಕು. ಗುರುತಿಸಲು ಕಲಿತವರಿಗೆ ಇನ್ನೊಂದು ಲಾಭವೂ ಇದೆ: ಯಂತ್ರ ಯಾವ ಕಾಲದ್ದು, ಹೇಗೆ ದುಡಿದಿದೆ, ಮಾರುವವರು ಹೇಳುವುದು ಎಷ್ಟು ನಿಜ ಎಂಬುದನ್ನೂ ಲೇಪವೇ ಹೇಳುತ್ತದೆ.

ಬೇಯಿಸಿದ ಕಪ್ಪು

ಹಳೆಯ ಸಿಂಗರ್ ಯಂತ್ರದ ಕಪ್ಪು ನಾವು ಬಾಗಿಲು ಕಿಟಕಿಗೆ ಹೊಡೆಯುವ ಪೇಂಟ್ ಅಲ್ಲ. ನೆಲದಲ್ಲಿ ಸಹಜವಾಗಿ ಸಿಗುವ ಡಾಂಬರಿನಂಥ ಆಸ್ಫಾಲ್ಟನ್ನು ಅಗಸೆ ಎಣ್ಣೆ, ಟರ್ಪಂಟೈನ್ ಮುಂತಾದವುಗಳ ಜೊತೆ ಕರಗಿಸಿ, ಎರಕದ ಕಬ್ಬಿಣಕ್ಕೆ ಬಳಿದು, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದರು. ಹೀಗೆ ಪದರದ ಮೇಲೆ ಪದರ ಕೂಡಿಸಿದಾಗ ಆ ಆಳವಾದ ಕಪ್ಪು ಬರುತ್ತಿತ್ತು. ಈ ವಿದ್ಯೆಗೆ ಜಪಾನಿಂಗ್ ಎಂದು ಹೆಸರು. ಪೂರ್ವದೇಶಗಳಿಂದ ಯೂರೋಪಿಗೆ ಬಂದ ಮೆರುಗಿನ ಮರದ ಸಾಮಾನುಗಳನ್ನು ಅಲ್ಲಿಯವರು ತಮ್ಮದೇ ಸಾಮಗ್ರಿಯಿಂದ ಅನುಕರಿಸಲು ಹೋಗಿ ಹುಟ್ಟಿದ ಕಸುಬು ಇದು. ವೇಲ್ಸ್‌ನ ಪಾಂಟಿಪೂಲ್ ಎಂಬ ಊರು 18ನೇ ಶತಮಾನದಲ್ಲಿ ಹೀಗೆ ಲೇಪಿಸಿದ ತಗಡಿನ ತಟ್ಟೆಗಳಿಗೆ ಹೆಸರಾಗಿತ್ತು. ಹೊಲಿಗೆ ಯಂತ್ರಗಳು ಬರುವ ಹೊತ್ತಿಗೆ ಅಗ್ಗದಲ್ಲಿ ಕಬ್ಬಿಣವನ್ನು ತುಕ್ಕಿನಿಂದ ಕಾಯಲು, ಜೊತೆಗೆ ನೋಡಲೂ ಚೆಂದ ಮಾಡಲು, ಇದು ಸಿದ್ಧವಾಗಿ ಕಾದಿತ್ತು.

ಚೆಂದ ಮುಖ್ಯವಾಗಿತ್ತು. ಐಸಾಕ್ ಮೆರಿಟ್ ಸಿಂಗರ್ ತನ್ನ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದಾಗ ಅದು ಕಾರ್ಖಾನೆಯ ಒರಟು ಸಲಕರಣೆ. 1856ರ ಸುಮಾರಿಗೆ ಕಂತಿನ ಮೇಲೆ ಮಾರುವ ಪದ್ಧತಿ ಶುರುವಾದ ಮೇಲೆ ಯಂತ್ರ ಮನೆಯ ನಡುಕೋಣೆಗೆ ಬರಬೇಕಾಯಿತು. ಅಲ್ಲಿ ಕುರ್ಚಿ ಮೇಜುಗಳ ಪಕ್ಕ ನಿಲ್ಲಬೇಕಾದರೆ ಕಬ್ಬಿಣಕ್ಕೆ ಅಲಂಕಾರ ಬೇಕಲ್ಲ! ಪಿಟೀಲಿನ ಆಕಾರದ ತಳ, ಹೂಬಳ್ಳಿ, ಕೆಲವು ದುಬಾರಿ ಯಂತ್ರಗಳಲ್ಲಿ ಮುತ್ತಿನ ಚಿಪ್ಪಿನ ಚೂರುಗಳ ಕೆತ್ತನೆ, ಎಲ್ಲವೂ ಹೀಗೆ ಬಂದವು.

ಬೇಯಿಸಿದ ಕಪ್ಪು ಗಟ್ಟಿ, ಆದರೆ ಅಜೇಯವಲ್ಲ. ಪೆಟ್ಟು ಬಿದ್ದರೆ ಪೇಂಟಿನಂತೆ ಸುಲಿಯದೆ ಚೂರಾಗಿ ಹಾರುತ್ತದೆ. ತುಂಬಾ ಬಿಸಿಲು, ಬಿಸಿ ಕಂಡ ಯಂತ್ರದ ಮೈ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಳ್ಳೆಯ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಹಳೆಯ ಲೇಪದ ಅಂಚುಗಳಲ್ಲಿ ತುಸು ಕಂದು ಛಾಯೆ ಕಾಣುವುದುಂಟು. ಇತ್ತೀಚೆಗೆ ಹೊಡೆಸಿದ ಪೇಂಟಿನಲ್ಲಿ ಈ ಛಾಯೆ ಇರುವುದಿಲ್ಲ. ಅಲ್ಲದೆ ಹೊಸ ಪೇಂಟು ಸ್ಕ್ರೂಗಳ ತಲೆಯ ಮೇಲೆ, ಎಣ್ಣೆ ಬಿಡುವ ತೂತುಗಳ ಒಳಗೆ ಎಲ್ಲೆಂದರಲ್ಲಿ ಹರಿದಿರುತ್ತದೆ.

ಚಿನ್ನದ ಚಿತ್ತಾರ, ಅರಗಿನ ಹೊದಿಕೆ

ಕಪ್ಪಿನ ಮೇಲಿನ ಚಿನ್ನದ ಕೆಲಸವನ್ನು ಕೈಯಲ್ಲಿ ಬರೆದದ್ದು ಎಂದು ಹಲವರು ತಿಳಿಯುತ್ತಾರೆ. ಬಹುಪಾಲು ಯಂತ್ರಗಳಲ್ಲಿ ಅದು ಕಾಗದದ ಮೇಲೆ ಅಚ್ಚಾಗಿ ಬಂದು, ನೀರಿನಲ್ಲಿ ನೆನೆಸಿ ಯಂತ್ರದ ಮೈಗೆ ಜಾರಿಸಿದ ಚಿತ್ರ. ಟೈಲರ್ ಅಂಗಡಿಗಳಲ್ಲಿ ಇದನ್ನು ಸ್ಟಿಕ್ಕರ್ ಎನ್ನುತ್ತಾರೆ, ಸಂಗ್ರಾಹಕರು ಡೆಕಾಲ್ ಎನ್ನುತ್ತಾರೆ. ಚಿತ್ರ ಕೂತ ಮೇಲೆ ಅದನ್ನು ಕಾಪಾಡಲು ಪಾರದರ್ಶಕ ವಾರ್ನಿಷ್, ಎಷ್ಟೋ ಹಳೆಯ ಯಂತ್ರಗಳಲ್ಲಿ ಅರಗಿನಿಂದ ಮಾಡಿದ್ದು, ಬಳಿಯುತ್ತಿದ್ದರು.

ಈ ಅರಗು ನಮಗೆ ಹೊಸದಲ್ಲ. ಮರಗಳ ಕೊಂಬೆಯ ಮೇಲೆ ಕೂರುವ ಸಣ್ಣ ಕೀಟ ಸ್ರವಿಸುವ ಅಂಟು ಇದು. ಜಾರ್ಖಂಡ್ ಮತ್ತು ಸುತ್ತಲಿನ ಕಾಡುಗಳಿಂದ ಲೋಕಕ್ಕೆಲ್ಲ ಹೋಗುವ ಸರಕು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಒತ್ತಿ ಬಣ್ಣ ಕೂರಿಸುವುದೂ ಇದನ್ನೇ. ಅರಗಿನ ಎರಡು ಗುಣ ನೆನಪಿಡಬೇಕು. ಒಂದು, ಕಾಲ ಕಳೆದಂತೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಹಳೆಯ ಯಂತ್ರದ ಚಿನ್ನಕ್ಕೆ ಆ ಬೆಚ್ಚನೆಯ ಹಳದಿ ಬರುವುದು ಇದರಿಂದಲೂ ಹೌದು. ಎರಡು, ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಅಂದರೆ ಸ್ಪಿರಿಟ್, ಸ್ಯಾನಿಟೈಸರ್, ನೇಲ್ ಪಾಲಿಷ್ ತೆಗೆಯುವ ದ್ರವ ಇವುಗಳಲ್ಲಿ ಯಾವುದು ತಾಗಿದರೂ ಹೊದಿಕೆ ಕರಗಿ ಬಟ್ಟೆಗೆ ಬರುತ್ತದೆ, ಅದರ ಜೊತೆ ಚಿತ್ತಾರವೂ ಬರುತ್ತದೆ.

ಹೊದಿಕೆ ಹೋದ ಮೇಲೆ ಚಿನ್ನ ಬೆಳ್ಳಿಯಾಗತೊಡಗುತ್ತದೆ. ಸೋಪು, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಬರೀ ನೀರಿನ ತೇವ ಕೂಡ ಚಿತ್ತಾರದ ಹಳದಿಯನ್ನು ತಿಂದು ಬಿಳಚಿದ ಬೂದು ಗೆರೆಯನ್ನು ಉಳಿಸುತ್ತವೆ. ಒಮ್ಮೆ ಹೀಗಾದದ್ದನ್ನು ಹಿಂದಕ್ಕೆ ತರುವ ಮದ್ದಿಲ್ಲ. ಪೂಜೆಯ ದಿನ ನೀರಿನಲ್ಲಿ ಕಲಸಿದ ಅರಿಶಿನ, ಕುಂಕುಮ, ಗಂಧವನ್ನು ಚಿತ್ತಾರದ ಮೇಲೆ ಹಚ್ಚಿ ವಾರಗಟ್ಟಲೆ ಬಿಡುವುದೂ ಇದೇ ಕಾರಣಕ್ಕೆ ಒಳ್ಳೆಯದಲ್ಲ. ಕಬ್ಬಿಣದ ಕಾಲಿಗೋ ಮರದ ಮೇಜಿಗೋ ಇಟ್ಟರೆ ಪೂಜೆಗೆ ಕುಂದಿಲ್ಲ, ಯಂತ್ರಕ್ಕೂ ಕೇಡಿಲ್ಲ.

ಚಿತ್ತಾರಗಳಿಗೆ ಸಂಗ್ರಾಹಕರು ಕೊಟ್ಟ ಅಡ್ಡಹೆಸರುಗಳು ಯಂತ್ರ ಗುರುತಿಸಲು ನೆರವಾಗುತ್ತವೆ. ಸಿಂಗರ್ 66 ಮಾದರಿಯನ್ನೇ ನೋಡಿ. ಅಮೆರಿಕದ ಎಲಿಜಬೆತ್‌ಪೋರ್ಟ್ ಕಾರ್ಖಾನೆಯದಕ್ಕೆ ಕೆಂಪು, ಹಸಿರು, ಚಿನ್ನದ ದಟ್ಟ ಚಿತ್ತಾರವಿದ್ದರೆ ಅದು ‘ರೆಡ್ ಐ’. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯದಕ್ಕೆ ತಾವರೆಯ ಚಿತ್ತಾರವಿದ್ದರೆ ಅದು ‘ಲೋಟಸ್’. ಉದ್ದನೆಯ ಶಟಲ್ಲಿನ 27ರ ಸಾಲಿನ ಯಂತ್ರಗಳಲ್ಲಿ ಈಜಿಪ್ಟಿನ ಸಿಂಹಮಾನವಿ ಕಂಡರೆ ‘ಸ್ಫಿಂಕ್ಸ್’. ಆ ಕಾಲದ ಯೂರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು, ಅದು ಹೊಲಿಗೆ ಯಂತ್ರದ ಮೇಲೂ ಇಳಿಯಿತು. ನಮ್ಮ ದೇಶದಲ್ಲಿ ಸಿಗುವ ಹಳೆಯ ಸಿಂಗರ್‌ಗಳಲ್ಲಿ ಕ್ಲೈಡ್‌ಬ್ಯಾಂಕಿನವು ಹೆಚ್ಚು. ಮಾದರಿ ಸಂಖ್ಯೆಯ ಮುಂದೆ ‘ಕೆ’ ಇದ್ದರೆ, ಉದಾಹರಣೆಗೆ 66ಕೆ, 99ಕೆ, 201ಕೆ, ಅದು ಕಿಲ್ಬೋವಿಯ ಗುರುತು. ಬುಡದ ಬಲಬದಿಯಲ್ಲಿ ಒತ್ತಿದ ಕ್ರಮಸಂಖ್ಯೆಯಿಂದ ಕಾರ್ಖಾನೆಯನ್ನೂ ವರ್ಷವನ್ನೂ ಪತ್ತೆ ಮಾಡಬಹುದು. ಚಿತ್ತಾರ ಒಂದು ಕಾಲ ಹೇಳಿ ಸಂಖ್ಯೆ ಇನ್ನೊಂದು ಕಾಲ ಹೇಳಿದರೆ ಮರುಪೇಂಟಿನ ಅನುಮಾನ ಪಡಿ.

ಬೆಳ್ಳಗಿರುವುದೆಲ್ಲ ಕ್ರೋಮ್ ಅಲ್ಲ

ಚಕ್ರದ ಅಂಚು, ಮುಖದ ತಗಡು, ಜಾರುವ ತಗಡು, ಸೂಜಿ ತಟ್ಟೆ, ಒತ್ತುಪಾದ ಇವೆಲ್ಲ ಹೊಳೆಯುವ ಭಾಗಗಳು. 1920ರ ದಶಕದವರೆಗೆ ಇಲ್ಲಿ ನಿಕ್ಕಲ್ಲಿನದೇ ರಾಜ್ಯ. ಕ್ರೋಮ್ ಲೇಪ 1920ರ ದಶಕದ ನಡುವಿನಲ್ಲಿ ವ್ಯಾಪಾರಕ್ಕೆ ಬಂತು, 1930ರ ದಶಕದಲ್ಲಿ ಹೊಲಿಗೆ ಯಂತ್ರಗಳಲ್ಲೂ ನಿಕ್ಕಲ್ಲಿನ ಜಾಗ ಹಿಡಿಯತೊಡಗಿತು. ಬದಲಾವಣೆ ಒಂದೇ ದಿನ ಆದದ್ದಲ್ಲ. ಉಗ್ರಾಣದಲ್ಲಿದ್ದ ಹಳೆಯ ಭಾಗಗಳು ಮುಗಿಯುವವರೆಗೂ ಬಳಕೆಯಾಗುತ್ತಿದ್ದವು. ಹೀಗಾಗಿ ಒಂದೇ ಯಂತ್ರದ ಮೇಲೆ ಎರಡೂ ಇರುವುದು ತಪ್ಪೇನಲ್ಲ.

ಬೇರ್ಪಡಿಸಿ ನೋಡುವುದು ಸುಲಭ. ಕಿಟಕಿಯ ಬೆಳಕಿಗೆ ಹಿಡಿಯಿರಿ. ನಿಕ್ಕಲ್ಲಿನ ಹೊಳಪಿನಲ್ಲಿ ಸ್ವಲ್ಪ ಹಳದಿ ಇರುತ್ತದೆ, ಕ್ರೋಮಿನಲ್ಲಿ ನೀಲಿ. ಪಕ್ಕದಲ್ಲಿ ಕ್ರೋಮ್ ಲೇಪದ ಹೊಸ ನಲ್ಲಿಯೊಂದನ್ನು ಇಟ್ಟುಕೊಂಡರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಳಾಗುವ ಬಗೆಯೂ ಬೇರೆ. ನಿಕ್ಕಲ್ ಇಡೀ ಮೈ ಮಂಜು ಕವಿದಂತಾಗಿ ಮಂಕಾಗುತ್ತದೆ, ಕೈ ಹೆಚ್ಚು ತಾಗುವ ಕಡೆ ಸವೆದು ಒಳಗಿನ ಉಕ್ಕೋ ಹಿತ್ತಾಳೆಯೋ ಕಾಣುತ್ತದೆ. ಕ್ರೋಮ್ ಮಂಕಾಗುವುದಿಲ್ಲ, ಬದಲಿಗೆ ಸೂಜಿಮೊನೆಯಷ್ಟು ಸಣ್ಣ ತುಕ್ಕಿನ ಚುಕ್ಕೆಗಳು ಏಳುತ್ತವೆ. ಕ್ರೋಮಿನ ಪದರ ತೀರಾ ತೆಳು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಸಾಮಾನ್ಯವಾಗಿ ಅದರ ಕೆಳಗೆ ನಿಕ್ಕಲ್ಲಿನ ಪದರವಿದ್ದು, ತುಕ್ಕು ತಡೆಯುವ ನಿಜವಾದ ಕೆಲಸ ಮಾಡುವುದು ಆ ನಿಕ್ಕಲ್ಲೇ.

ಈ ವ್ಯತ್ಯಾಸಕ್ಕೆ ತಕ್ಕ ಹಾಗೆ ಆರೈಕೆ ಇರಬೇಕು. ಕ್ರೋಮಿನ ಚುಕ್ಕೆ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಚಿಕ್ಕ ತುಂಡನ್ನು ಉಂಡೆ ಮಾಡಿ, ಒಂದು ಹನಿ ನೀರು ಸೋಕಿಸಿ, ಮೆಲ್ಲಗೆ ಉಜ್ಜಿ, ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಫಾಯಿಲ್ ಕ್ರೋಮಿಗಿಂತ ಮೆದು, ಗೀರಾಗುವುದಿಲ್ಲ. ಇದನ್ನು ಬಿಡಿಸಿ ತೆಗೆದ ಭಾಗದ ಮೇಲೆ ಮಾತ್ರ ಮಾಡಿ, ನೀರು ಚಿತ್ತಾರದ ಹತ್ತಿರ ಸುಳಿಯಬಾರದು. ನಿಕ್ಕಲ್ಲಿಗೆ ಫಾಯಿಲ್ ಬೇಡ. ಮಿಷನ್ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ತಾಳ್ಮೆಯಿಂದ ಒರೆಸಿದರೆ ಸಾಕು. ಲೋಹದ ಪಾಲಿಷ್ ಬಳಸಲೇಬೇಕೆಂದರೆ ತೀರಾ ನಯವಾದದ್ದನ್ನು ಅಪರೂಪಕ್ಕೆ ಬಳಸಿ. ಪ್ರತಿ ಉಜ್ಜಿಗೂ ಒಂದಿಷ್ಟು ನಿಕ್ಕಲ್ ಹೋಗುತ್ತದೆ. ಹುಣಸೆ, ನಿಂಬೆ, ವಿನೆಗರ್, ತಂತಿನಾರು ಎರಡಕ್ಕೂ ನಿಷಿದ್ಧ.

ಯುದ್ಧ ತಂದ ಕಪ್ಪು

ಹೆಚ್ಚು ಜನ ಎಡವುವುದು ಇಲ್ಲೇ. ಕೆಲವು ಸಿಂಗರ್ ಯಂತ್ರಗಳಲ್ಲಿ ಹೊಳೆಯಬೇಕಾದ ಭಾಗಗಳೇ ಕಪ್ಪು. ಮುಖದ ತಗಡು ಕಪ್ಪು, ಸೂಜಿ ತಟ್ಟೆ ಕಪ್ಪು, ಒತ್ತುಪಾದವೂ ಕಪ್ಪು. ನೋಡಿದವರು ಜಿಡ್ಡು ಹಿಡಿದು ಕಪ್ಪಾಗಿದೆ ಎಂದುಕೊಂಡು ಮರಳು ಕಾಗದ ತೆಗೆದುಕೊಳ್ಳುತ್ತಾರೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂ ಕವಚದ ಉಕ್ಕಿಗೆ, ಶಸ್ತ್ರಗಳಿಗೆ ಬೇಕಾದವು. ಹೊಲಿಗೆ ಯಂತ್ರಕ್ಕೆ ಸಿಗುವುದು ಕಷ್ಟವಾಯಿತು. ಆಗ ಉಕ್ಕಿನ ಮೇಲ್ಮೈಯನ್ನೇ ರಾಸಾಯನಿಕವಾಗಿ ಕಪ್ಪು ಆಕ್ಸೈಡ್ ಆಗಿ ಮಾರ್ಪಡಿಸಿ ಬಿಟ್ಟರು. ಸಂಗ್ರಾಹಕರು ಇಂಥವನ್ನು ‘ಬ್ಲ್ಯಾಕ್‌ಸೈಡ್’ ಎನ್ನುತ್ತಾರೆ. ಪುಟ್ಟ ಫೆದರ್‌ವೇಟ್ 221ರಲ್ಲಿ, 201ರಲ್ಲಿ ಇವು ಕಾಣಸಿಗುತ್ತವೆ, ಜೊತೆಗೆ ಕೊಟ್ಟ ಬಿಡಿಪಾದಗಳೂ ಕಪ್ಪಾಗಿರುವುದುಂಟು. 1942ರಲ್ಲಿ ಅಮೆರಿಕದಲ್ಲಿ ಮನೆಬಳಕೆಯ ಹೊಲಿಗೆ ಯಂತ್ರಗಳ ತಯಾರಿಕೆಯೇ ಯುದ್ಧದ ಕೆಲಸಕ್ಕಾಗಿ ನಿಂತಿತು. ಅತ್ತ ಕ್ಲೈಡ್‌ಬ್ಯಾಂಕಿನ ಮೇಲೆ 1941ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಸಿಂಗರ್ ಕಾರ್ಖಾನೆಯ ಮರದ ದಾಸ್ತಾನು ಉರಿದುಹೋಯಿತು. ಆ ಕಾಲದ ಇಕ್ಕಟ್ಟಿನ ಗುರುತು ಈ ಕಪ್ಪು.

ಈ ಕಪ್ಪು ಒಂದು ಲೇಪವೂ ಅಲ್ಲ, ಉಕ್ಕಿನದೇ ಮೇಲ್ಪದರ. ಆದ್ದರಿಂದ ಸುಲಿಯುವುದಿಲ್ಲ, ಆದರೆ ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಅದರ ಬಾಳಿಕೆ ಎಣ್ಣೆಯ ಮೇಲೆ ನಿಂತಿದೆ. ವಿನೆಗರಿನಲ್ಲಿ ಅಥವಾ ತುಕ್ಕು ಬಿಡಿಸುವ ದ್ರಾವಣದಲ್ಲಿ ಅದ್ದಿದರೆ ತುಕ್ಕಿನ ಜೊತೆ ಕಪ್ಪೂ ಕರಗಿ ಬೂದು ಲೋಹ ಉಳಿಯುತ್ತದೆ. ಅಪರೂಪದ ವಸ್ತು ಸಾಧಾರಣದ್ದಾಗಲು ಅರ್ಧ ಗಂಟೆ ಸಾಕು. ಜಿಡ್ಡೋ ನಿಜವಾದ ಕಪ್ಪೋ ಎಂಬ ಅನುಮಾನವಿದ್ದರೆ ಮಿಷನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒಂದು ಮೂಲೆ ಒರೆಸಿ. ಜಿಡ್ಡಾದರೆ ಕಂದು ಬಣ್ಣದಲ್ಲಿ ಹತ್ತಿಗೆ ಬರುತ್ತದೆ, ಕೆಳಗೆ ಹೊಳಪು ಇಣುಕುತ್ತದೆ. ಆಕ್ಸೈಡ್ ಆದರೆ ಮೇಲಿನ ಧೂಳು ಹೋಗಿ ಕಪ್ಪು ಇನ್ನಷ್ಟು ಗಾಢವಾಗಿ ಕಾಣುತ್ತದೆ.

ಇದೇ ಹೊತ್ತಿನ ಇನ್ನೊಂದು ವಿಚಿತ್ರ ಮೈ ಸುಕ್ಕುಲೇಪ. ನಯವಾದ ಕಪ್ಪಿನ ಬದಲು ಮೈತುಂಬ ಸುಕ್ಕು ಸುಕ್ಕು. ಇದಕ್ಕೆ ಸಂಗ್ರಾಹಕರು ‘ಗಾಡ್ಜಿಲ್ಲಾ’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. 66, 99, 128 ಮೊದಲಾದ ಮಾದರಿಗಳಲ್ಲಿ ಕೆಲವು ಹೀಗೆ ಬಂದವು. ಲೇಪದ ಮೇಲ್ಪದರ ಕೆಳಪದರಕ್ಕಿಂತ ಬೇಗ ಗಟ್ಟಿಯಾಗುವಂತೆ ಬೇಯಿಸಿದಾಗ ಮೇಲಿನದು ಹಿಗ್ಗಿ ನೆರಿಗೆಗಟ್ಟುತ್ತದೆ, ಇಷ್ಟೇ ಅದರ ಗುಟ್ಟು. ಎರಕದಲ್ಲಿ ಉಳಿದ ಸಣ್ಣ ಕುಂದುಗಳು ಇದರಲ್ಲಿ ಮುಚ್ಚಿಹೋಗುತ್ತವೆ. ಹಾಳಾದ ಪೇಂಟು ಎಂದು ಕೆರೆದು ಹಾಕಬೇಡಿ. ಸುಕ್ಕಿನ ಸಂದಿಯಲ್ಲಿ ಧೂಳು ಕೂರುವುದರಿಂದ ಹಳೆಯ ಮೆದು ಹಲ್ಲುಜ್ಜುವ ಬ್ರಷ್ಷಿಗೆ ತುಸು ಮಿಷನ್ ಎಣ್ಣೆ ಹಚ್ಚಿ ಸವರಿ, ಒಣಬಟ್ಟೆಯಿಂದ ಒತ್ತಿ ತೆಗೆಯಿರಿ.

ಬಣ್ಣಗಳು ಬಂದ ಕಾಲ

ಯುದ್ಧ ಮುಗಿದ ಮೇಲೆ ಕಪ್ಪಿನ ಏಕಾಧಿಪತ್ಯವೂ ಮುಗಿಯಿತು. ಅದಕ್ಕೂ ಮೊದಲೇ, 1940ರಲ್ಲಿ, ಜಿನೀವಾದಲ್ಲಿ ತಯಾರಾದ ಎಲ್ನಾ ಯಂತ್ರ ಹಸಿರು ಮೈ ಹೊತ್ತು ಬಂದು ಮಿಡತೆ ಎಂಬ ಅಡ್ಡಹೆಸರು ಪಡೆದಿತ್ತು. ಸಿಂಗರ್ 1952ರಲ್ಲಿ ತಂದ 301 ಅಲ್ಯೂಮಿನಿಯಂ ಮೈಯ ಯಂತ್ರ. ಅದು ಕಪ್ಪಿನಲ್ಲೂ ತಿಳಿ ಕಂದು ಬಿಳಿ ಬಣ್ಣಗಳಲ್ಲೂ ಬಂತು. 1933ರಲ್ಲಿ ಕಪ್ಪಾಗಿ ಹುಟ್ಟಿದ, ಸುಮಾರು ಐದು ಕಿಲೋ ತೂಗುವ ಫೆದರ್‌ವೇಟ್ ಕೂಡ 1960ರ ದಶಕದಲ್ಲಿ ತಿಳಿಹಸಿರು ಬೆರೆತ ಬಿಳಿಯಾಯಿತು. ಜಪಾನಿನ ಕಾರ್ಖಾನೆಗಳು ಸಿಂಗರ್ 15ರ ವಿನ್ಯಾಸವನ್ನೇ ಹಿಡಿದು ಗುಲಾಬಿ, ಆಕಾಶನೀಲಿ, ಎರಡು ಬಣ್ಣದ ಜೋಡಿ ಎಂದು ಲೆಕ್ಕವಿಲ್ಲದಷ್ಟು ಬಗೆಯ ಯಂತ್ರಗಳನ್ನು ಬೇರೆ ಬೇರೆ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸಿದವು.

ಭಾರತದಲ್ಲಿ ಮಾತ್ರ ಕಪ್ಪು ಗಟ್ಟಿಯಾಗಿ ನಿಂತಿತು. ಕಲ್ಕತ್ತದ ಜೇ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಶುರುಮಾಡಿದ ಉಷಾ, ಲುಧಿಯಾನದ ಕಾರ್ಖಾನೆಗಳ ಹತ್ತಾರು ಹೆಸರುಗಳು, ಇವುಗಳ ಸಾದಾ ಯಂತ್ರ ಇಂದಿಗೂ ಕಪ್ಪು ಮೈ, ಚಿನ್ನದ ಚಿತ್ತಾರದಲ್ಲೇ ಸಿಗುತ್ತದೆ. ಆದ್ದರಿಂದ ಕಪ್ಪಗೆ ಇರುವುದೆಲ್ಲ ಹಳೆಯದಲ್ಲ. ಇವುಗಳ ಮೈ ಹೆಚ್ಚಾಗಿ ಸಾಧಾರಣ ಎನಾಮಲ್ ಪೇಂಟು. ಹಳೆಯ ಅರಗಿನ ಹೊದಿಕೆಯಷ್ಟು ಸೂಕ್ಷ್ಮವಲ್ಲದಿದ್ದರೂ ಚಿತ್ತಾರಕ್ಕೆ ಸ್ಪಿರಿಟ್ ತಾಗಿಸಬಾರದೆಂಬ ನಿಯಮ ಇಲ್ಲಿಯೂ ನಡೆಯಲಿ.

ಮೈ ಕಬ್ಬಿಣವೋ ಅಲ್ಯೂಮಿನಿಯಮ್ಮೋ ತಿಳಿಯಲು ಫ್ರಿಜ್ ಬಾಗಿಲಿನ ಅಯಸ್ಕಾಂತ ಸಾಕು. ಹಿಡಿದರೆ ಕಬ್ಬಿಣ, ಜಾರಿ ಬಿದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಆದರೆ ಬಣ್ಣ ಎದ್ದ ಕಡೆ ತೇವ ಸೇರಿದರೆ ಬಿಳಿ ಪುಡಿ ಕಟ್ಟಿ ಸುತ್ತಲಿನ ಬಣ್ಣವನ್ನೂ ಎಬ್ಬಿಸುತ್ತದೆ.

ಬಿಡಿಪಾದಗಳ ಪೆಟ್ಟಿಗೆ

ಯಂತ್ರದ ಜೊತೆ ಬರುತ್ತಿದ್ದ ಸಣ್ಣ ಪೆಟ್ಟಿಗೆಯನ್ನು ಎಷ್ಟೋ ಮನೆಗಳಲ್ಲಿ ಗುಂಡಿ ಡಬ್ಬಿ ಮಾಡಿಕೊಂಡಿರುತ್ತಾರೆ. ಒಳಗೆ ಏನಿತ್ತು ಗೊತ್ತೇ? ಅಂಚು ಮಡಚಿ ಹೊಲಿಯುವ ಹೆಮ್ಮರ್, ಲಂಗದ ತುದಿಗೆ ನೆರಿಗೆ ಹಿಡಿಯುವ ರಫ್ಲರ್, ಸಮನಾಗಿ ಟಕ್ಕು ಹಾಕುವ ಟಕ್ಕರ್, ಪಟ್ಟಿ ಕೂರಿಸುವ ಬೈಂಡರ್. ಸಿಂಗರ್ ಇವುಗಳಿಗಾಗಿ ಬಿಚ್ಚಿದರೆ ಚಪ್ಪಟೆಯಾಗಿ ಹರಡಿಕೊಳ್ಳುವ ಮರದ ಮಡಿಕೆ ಪೆಟ್ಟಿಗೆಯೊಂದನ್ನು ಕೊಡುತ್ತಿತ್ತು. 1889ರ ಪೇಟೆಂಟಿನ ಆ ಪೆಟ್ಟಿಗೆಗೆ ಒಳಗೆ ಮಖಮಲ್ಲಿನ ಅಸ್ತರಿ, ಪ್ರತಿ ಪಾದಕ್ಕೂ ಒಂದೊಂದು ಗೂಡು.

ಒಂದೇ ರಫ್ಲರ್ ನಿಕ್ಕಲ್ಲಿನಲ್ಲಿ, ಕ್ರೋಮಿನಲ್ಲಿ, ಕಪ್ಪಿನಲ್ಲಿ ಸಿಕ್ಕರೆ ಗಾಬರಿ ಬೇಡ. ಮೂರೂ ಅಸಲಿಯೇ ಇರಬಹುದು, ತಯಾರಾದ ಕಾಲ ಬೇರೆ ಅಷ್ಟೆ. ಪಾದದ ಮೇಲೆ ‘ಸಿಮಾಂಕೊ’ ಎಂದು ಒತ್ತಿದ್ದರೆ ಅದು ಸಿಂಗರ್ ತಯಾರಿಕಾ ಕಂಪನಿಯ ಹೆಸರಿನ ಸಂಕ್ಷೇಪ, ಪಕ್ಕದ ಅಂಕಿ ಭಾಗದ ಸಂಖ್ಯೆ. ‘ಗ್ರೈಸ್ಟ್’ ಎಂದಿದ್ದರೆ ಅಮೆರಿಕದ ನ್ಯೂ ಹೇವನ್ನಿನ ಕಂಪನಿ, ಹಲವು ಯಂತ್ರ ತಯಾರಕರಿಗೆ ಬಿಡಿಪಾದಗಳನ್ನು ಮಾಡಿಕೊಡುತ್ತಿದ್ದದ್ದು. ಸಂಗ್ರಹಕ್ಕಾದರೆ ಯಂತ್ರದ ಕಾಲಕ್ಕೆ ಹೊಂದುವ ಲೇಪದ ಪಾದಗಳನ್ನು ಕೂಡಿಸುವುದು ಚೆಂದ. ನಿಕ್ಕಲ್ಲಿನ ಯಂತ್ರಕ್ಕೆ ನಿಕ್ಕಲ್ಲಿನ ಪಾದ, ಕಪ್ಪು ತಗಡಿನದಕ್ಕೆ ಕಪ್ಪು ಪಾದ.

ಹೊಲಿಗೆಗೆ ಮಾತ್ರ ಬಣ್ಣ ಮುಖ್ಯವಲ್ಲ, ಕೆಳಮೈ ಮುಖ್ಯ. ಪಾದವನ್ನು ತಿರುಗಿಸಿ ಬಟ್ಟೆ ತಾಗುವ ಕಡೆ ಬೆರಳ ತುದಿ ಎಳೆಯಿರಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ, ರೇಷ್ಮೆಯ ಹಳೆಯ ತುಂಡೊಂದನ್ನು ಅದರ ಮೇಲೆ ಜಾರಿಸುವುದು. ಲೇಪ ಎದ್ದ ಒಂದು ಸಣ್ಣ ಅಂಚಿದ್ದರೂ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಅಂಥ ಪಾದ ನೋಡಲು ಎಷ್ಟೇ ಹೊಳೆಯಲಿ, ಸೀರೆಗೆ ರವಿಕೆಗೆ ಹಾಕಬೇಡಿ. ಇಡೀ ಲೇಪ ಸಮನಾಗಿ ಸವೆದು ನುಣುಪಾದ ಉಕ್ಕು ಕಂಡ ಪಾದ ನೋಡಲು ಬಡಕಲಾದರೂ ಕೆಲಸಕ್ಕೆ ಒಳ್ಳೆಯದು.

ಹೊಂದಾಣಿಕೆಯ ವಿಷಯವೂ ತಿಳಿದಿರಲಿ. ಸಿಂಗರ್ 15, 66ರ ನಂತರದ ಯಂತ್ರಗಳು, 99, 201, 221 ಮತ್ತು ಅದೇ ಜಾಡಿನ ನಮ್ಮ ಸಾದಾ ಕಪ್ಪು ಯಂತ್ರಗಳಲ್ಲಿ ಪಾದ ಪಕ್ಕದ ಸ್ಕ್ರೂನಿಂದ ಕೂರುತ್ತದೆ, ಕಾಲು ಗಿಡ್ಡ. ಇವುಗಳ ಬಿಡಿಪಾದಗಳು ಒಂದಕ್ಕೊಂದು ಬಹುಮಟ್ಟಿಗೆ ಆಗುತ್ತವೆ. ಮೊದಲ ಕಾಲದ 66ರಲ್ಲಿ ಪಾದ ಹಿಂಬದಿಯಿಂದ ಕೂರುತ್ತದೆ, ಅದಕ್ಕೆ ಬೇರೆಯೇ ಪಾದ ಬೇಕು. 301ರಂಥ ಓರೆ ಸೂಜಿಯ ಯಂತ್ರಕ್ಕೂ ಹಾಗೆಯೇ. ಗುಜರಿಯಲ್ಲಿ ಬಿಡಿಯಾಗಿ ಕೊಳ್ಳುವಾಗ ನಿಮ್ಮ ಯಂತ್ರದ ಪಾದವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಪಕ್ಕಕ್ಕೆ ಹಿಡಿದು ನೋಡಿ.

ಮಳೆಗಾಲಕ್ಕೆ ಒಂದು ಎಚ್ಚರಿಕೆ. ಮಖಮಲ್ಲು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಂಗಳೂರು, ಕುಮಟಾ, ಮಡಿಕೇರಿಯ ಕಡೆಯವರು ಜೂನ್ ಬರುವ ಮೊದಲೇ ಪಾದಗಳನ್ನು ಪೆಟ್ಟಿಗೆಯಿಂದ ತೆಗೆದು, ತೆಳುವಾಗಿ ಮಿಷನ್ ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಕ್ಷೇಮ. ಕಪ್ಪು ಆಕ್ಸೈಡಿನ ಪಾದಗಳಿಗಂತೂ ಇದು ತಪ್ಪದೆ ಆಗಬೇಕು.

ಒರೆಸುವ ಕ್ರಮ

1. ಮೊದಲು ಒಣ ಬ್ರಷ್ಷಿನಿಂದ ಧೂಳು, ನೂಲಿನ ಚೂರು ತೆಗೆಯಿರಿ. ಧೂಳಿನ ಮೇಲೆ ಬಟ್ಟೆ ಉಜ್ಜಿದರೆ ಅದೇ ಮರಳು ಕಾಗದ.

2. ಹೊದಿಕೆ ಯಾವುದೆಂಬ ಅನುಮಾನವಿದ್ದರೆ, ಚಿತ್ತಾರವಿಲ್ಲದ, ಕಣ್ಣಿಗೆ ಬೀಳದ ಹಿಂಬದಿಯ ಬುಡದಲ್ಲಿ ಹತ್ತಿಕಡ್ಡಿಗೆ ತುಸುವೇ ಸ್ಪಿರಿಟ್ ಸೋಕಿಸಿ ಪರೀಕ್ಷಿಸಿ. ಮೈ ಅಂಟಾಗಿ ಹತ್ತಿ ಕಂದಾದರೆ ಅರಗು. ಪರೀಕ್ಷೆ ಅಲ್ಲಿಗೇ ಮುಗಿಯಲಿ, ಬಾಟಲಿ ಮುಚ್ಚಿಡಿ.

3. ಬಿಳಿಯ ಮಿಷನ್ ಎಣ್ಣೆಯನ್ನು ಮೆತ್ತನೆಯ ಹತ್ತಿಬಟ್ಟೆಗೆ ಹಾಕಿ ಮೈಗೆ ಸವರಿ, ಕೆಲವು ಗಂಟೆ ಬಿಡಿ, ಒತ್ತದೆ ಒರೆಸಿ. ಹಠಮಾರಿ ಜಿಡ್ಡಿಗೆ ಇದನ್ನೇ ನಾಲ್ಕಾರು ದಿನ ಮಾಡಿ. ಚಿತ್ತಾರದ ಮೇಲೆ ಒಂದೇ ದಿಕ್ಕಿಗೆ, ಬೆರಳಿನ ಭಾರ ಬೀಳದ ಹಾಗೆ ಒರೆಸಿ. ಬಟ್ಟೆಗೆ ಚಿನ್ನದ ಕಣ ಕಂಡರೆ ಅಲ್ಲಿಗೇ ನಿಲ್ಲಿಸಿ.

4. ಸೀಮೆಎಣ್ಣೆ ಒಳಗಿನ ಗಟ್ಟಿಯಾದ ಜಿಡ್ಡು ಬಿಡಿಸಲು ಮಾತ್ರ. ಹೊರಮೈಗೆ ಸುರಿಯಬೇಡಿ, ಕೆಲಸ ಮುಗಿದ ಮೇಲೆ ಎಲ್ಲ ಕೀಲಿಗೂ ಹೊಸ ಎಣ್ಣೆ ಬಿಡಿ.

5. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ, ಹಳಸಿ ಅಂಟಾಗುತ್ತದೆ. ಕೀಲುಗಳು ಬಿಗಿದು ನಿಂತ ಹಳೆಯ ಯಂತ್ರಗಳಲ್ಲಿ ಇಂಥ ಅಡುಗೆ ಎಣ್ಣೆಯ ಅಂಟು ಸಿಗುವುದು ರಿಪೇರಿಯವರಿಗೆ ಹೊಸದಲ್ಲ.

6. ಕೊನೆಗೆ, ಉಜ್ಜುವ ಪುಡಿ ಬೆರೆಸದ ಕಾರ್ನಾಬಾ ಮೇಣವನ್ನು ತೆಳುವಾಗಿ ಹಚ್ಚಬಹುದು. ಚಿತ್ತಾರ ಎದ್ದಿರುವ ಕಡೆ ಮೇಣವೂ ಬೇಡ.

ಹೊದಿಕೆ ಮಾತ್ರ ಮಂಕಾಗಿ, ಕಪ್ಪೂ ಚಿತ್ತಾರವೂ ಗಟ್ಟಿಯಿದ್ದರೆ ಅರಗಿನ ಫ್ರೆಂಚ್ ಪಾಲಿಷ್ ಕೊಟ್ಟು ಹೊಳಪು ಮರಳಿಸಬಹುದು. ಮರದ ಸಾಮಾನಿಗೆ ಈ ಕೆಲಸ ಮಾಡಿ ಕೈ ಪಳಗಿದವರಿಂದ ಮಾಡಿಸಿ. ಪಾಲಿಷಿನಲ್ಲೇ ಸ್ಪಿರಿಟ್ ಇರುವುದರಿಂದ ಪಳಗದ ಕೈ ಒಂದೇ ಜಾಗದಲ್ಲಿ ಎರಡು ಸಲ ಎಳೆದರೆ ಚಿತ್ತಾರ ಕಲಸಿಹೋಗುತ್ತದೆ.

ಕೊಳ್ಳುವಾಗ ಕಣ್ಣು ಎಲ್ಲಿರಬೇಕು

ಬೆಂಗಳೂರಿನ ಸಂಡೇ ಬಜಾರಿನಲ್ಲಿಯೋ ಊರಿನ ಗುಜರಿ ಅಂಗಡಿಯಲ್ಲಿಯೋ ಯಂತ್ರ ನೋಡುವಾಗ ಸವೆತ ಎಲ್ಲಿದೆ ಎಂದು ಗಮನಿಸಿ. ನಿಜವಾಗಿ ದುಡಿದ ಯಂತ್ರದ ಸವೆತಕ್ಕೆ ಒಂದು ನ್ಯಾಯವಿರುತ್ತದೆ. ಸೂಜಿಯ ಮುಂದೆ, ಬಟ್ಟೆ ಹರಿದು ಬರುವ ಕಡೆ, ಚಿತ್ತಾರ ಮಾಸಿರುತ್ತದೆ. ಅಂಚಿನಲ್ಲಿ ಬಟ್ಟೆಗೆ ಚುಚ್ಚಿದ ಗುಂಡುಪಿನ್ನುಗಳು ಎಳೆದ ಸಣ್ಣ ಸಣ್ಣ ಗೀರುಗಳ ರಾಶಿ ಇರುತ್ತದೆ. ಚಕ್ರದ ಅಂಚಿನಲ್ಲಿ ಕೈ ತಾಗುವ ಕಡೆ ನಿಕ್ಕಲ್ ತೆಳುವಾಗಿರುತ್ತದೆ. ಹಿಂಬದಿಯ ಚಿತ್ತಾರ ಮಾತ್ರ ಬಹಳ ಸಲ ಹೊಸದರಂತೆ ಉಳಿದಿರುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಮುಂಭಾಗದ ಚಿತ್ತಾರ ಥಳಥಳ ಎನ್ನುತ್ತಿದ್ದು ಬಟ್ಟೆ ಎಳೆಯುವ ಹಲ್ಲುಗಳು ಬೋಳಾಗಿದ್ದರೆ, ಯಂತ್ರ ಹಳೆಯದು, ಅಲಂಕಾರ ಹೊಸದು. ಚಿತ್ತಾರದ ಅಂಚನ್ನು ಉಗುರಿನಿಂದ ಸವರಿ. ಹೊಸ ಪ್ಲಾಸ್ಟಿಕ್ ಸ್ಟಿಕ್ಕರ್ ಆದರೆ ಮೆಟ್ಟಿಲು ಸಿಗುತ್ತದೆ. ಮಾದರಿಯ ಹಿತ್ತಾಳೆ ಬಿಲ್ಲೆಯನ್ನೂ ನೋಡಿ. 1951ರಲ್ಲಿ ಸಿಂಗರ್ ತನ್ನ ನೂರನೇ ವರ್ಷದ ನೆನಪಿಗೆ ನೀಲಿ ಅಂಚಿನ ಬಿಲ್ಲೆ ಹಾಕಿದ ಯಂತ್ರಗಳಿಗೆ ಸಂಗ್ರಾಹಕರಲ್ಲಿ ಹೆಚ್ಚು ಬೇಡಿಕೆ. ಹಾಗಾಗಿ ಬಿಲ್ಲೆ ಒಂದು ಯಂತ್ರದ್ದು, ಮೈ ಇನ್ನೊಂದರದ್ದು ಆಗಿರುವುದೂ ಉಂಟು. ಕ್ರಮಸಂಖ್ಯೆ ತಾಳೆ ನೋಡದೆ ಬಿಲ್ಲೆಗೆ ದುಡ್ಡು ಕೊಡಬೇಡಿ.

ಪೇಂಟ್ ಹೊಡೆಸಬೇಕೇ?

ಎಲ್ಲ ಓದಿದ ಮೇಲೂ ಉಳಿಯುವ ಪ್ರಶ್ನೆ ಇದು. ಉತ್ತರ ಯಂತ್ರದ ಸ್ಥಿತಿಯ ಮೇಲೆ ನಿಂತಿದೆ. ಅಸಲಿ ಲೇಪದ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮುಟ್ಟಬೇಡಿ. ಸವೆದ ಅಸಲಿಗೆ ಇರುವ ಬೆಲೆ ಹೊಸ ಪೇಂಟಿಗೆ ಸಿಗುವುದಿಲ್ಲ. ಮೈ ತುಂಬಾ ತುಕ್ಕು ಎದ್ದು, ಚಿತ್ತಾರ ಪೂರಾ ಹೋಗಿ, ಯಂತ್ರ ಇನ್ನೂ ಹೊಲಿಯಬಲ್ಲದಾದರೆ ಧಾರಾಳವಾಗಿ ಬಣ್ಣ ಕೊಡಿಸಿ. ಆಗಲೂ ನಾಲ್ಕು ಮಾತು ನೆನಪಿರಲಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ, ಮಕ್ಕಳನ್ನು ದೂರವಿಡಿ. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೊ ತೆಗೆದಿಡಿ. ಎಣ್ಣೆಯ ತೂತು, ಸ್ಕ್ರೂ ಕೂರುವ ಜಾಗ, ಶಟಲ್ಲಿನ ದಾರಿಗಳಿಗೆ ಟೇಪು ಹಚ್ಚಿ ಮುಚ್ಚಿ, ಅಲ್ಲಿ ಬಣ್ಣ ಕೂತರೆ ಯಂತ್ರ ಬಿಗಿಯುತ್ತದೆ. ಕ್ರಮಸಂಖ್ಯೆಯನ್ನು ಮಾತ್ರ ಯಾವ ಕಾರಣಕ್ಕೂ ಲಪ್ಪ ಹಚ್ಚಿ ಮುಚ್ಚಿಸಬೇಡಿ.

ಬಣ್ಣದಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಒಂದು ಹಳೆಯ ಪಂಚೆಯ ಮೇಲೆ ಹತ್ತು ಸಾಲು ಹೊಲಿದು ನೋಡಿ. ಹೊಲಿಗೆ ಸಮನಾಗಿ ಬಿದ್ದರೆ ಮೈಬಣ್ಣದ ಚಿಂತೆಗೆ ಆತುರವೇ ಇಲ್ಲ. ಬೀಳದಿದ್ದರೆ ಪೇಂಟಿಗೆಂದು ತೆಗೆದಿಟ್ಟ ದುಡ್ಡನ್ನು ಮೊದಲು ರಿಪೇರಿಯವರಿಗೆ ಕೊಡಿ.